ಕೇಡಗಾಂವ್‌ನ ಕೊನೆಯ ಪ್ರೂಫು

ಕಳೆದ ತಿಂಗಳ ಅಂಕಣ ಎಲ್ಲಿ ಎಂದು ಕೇಳಿದವರಿಗೆಲ್ಲ ಮೊದಲು ಕ್ಷಮೆ. ಆಫೀಸಿನ ರಿಲೀಸ್ ಒಂದು ಕಾರಣವಾದರೆ, ಅಪ್ಪನ ಕಣ್ಣು ಇನ್ನೊಂದು.

ನಮ್ಮದು ಬೆಟಗೇರಿಯ ಹಳೆಯ ಕ್ರೈಸ್ತ ಮನೆತನ, ಬಾಸೆಲ್ ಮಿಷನ್ ಕಾಲದ್ದು. ಅವ್ವ ತೀರಿಕೊಂಡ ಮೇಲೆ ಅಪ್ಪ ಊರ ಮನೆಗೆ ಬೀಗ ಹಾಕಿ ಖರಾಡಿಯ ನಮ್ಮ ಫ್ಲಾಟಿಗೆ ಬಂದು ಮೂರು ವರ್ಷವಾಯಿತು. ಹನ್ನೊಂದನೇ ಮಹಡಿ. ಕಿಟಕಿಯಿಂದ ಕಾಣುವುದು ಐಟಿ ಪಾರ್ಕಿನ ಗಾಜು ಮತ್ತು ಕಟ್ಟುತ್ತಲೇ ಇರುವ ಕ್ರೇನುಗಳು. ಅವರೇನೂ ದೂರಲಿಲ್ಲ. ರಾತ್ರಿ ಊಟವಾದ ಮೇಲೆ ಸತ್ಯವೇದದ ಒಂದು ಅಧ್ಯಾಯ, ಒಂದು ದಿನ ಹಳೆಯ ಒಡಂಬಡಿಕೆ, ಮರುದಿನ ಹೊಸದು. ನನಗೆ ತಿಳಿವಳಿಕೆ ಬಂದಾಗಿನಿಂದ ಇದು ತಪ್ಪಿದ್ದಿಲ್ಲ.

ಈಗ ಅವರ ಕಣ್ಣಿನ ನಡುಭಾಗ ಹೋಗಿದೆ. ಬಾಗಿಲು ಕಾಣುತ್ತದೆ, ಮನುಷ್ಯರು ಕಾಣುತ್ತಾರೆ, ಅಕ್ಷರ ಮಾತ್ರ ಕಾಣುವುದಿಲ್ಲ. ಮೊಬೈಲಿನಲ್ಲಿ ಆಡಿಯೋ ಹಾಕಿಕೊಟ್ಟೆ. "ಅಂವ ಯಾರೋ ಬಸ್ ಸ್ಟ್ಯಾಂಡಿನಾಗ ಓದಿದಂಗ ಓದ್ತಾನ" ಎಂದು ಬಿಟ್ಟರು. ಓದುವ ಕೆಲಸ ನನಗೆ ಬಂತು. ಹತ್ತು ಗಂಟೆಗೆ ಅಮೆರಿಕದ ಕಾಲ್ ಮುಗಿಸಿ ಹೊರಬಂದರೆ ಸೋಫಾದ ಮೇಲೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿರುತ್ತಾರೆ.

ಒಂದು ರಾತ್ರಿ ಪೌಲ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯ ಬಂತು. ಓಟ ಮುಗಿಯಿತು, ನಂಬಿಕೆ ಕಾಪಾಡಿಕೊಂಡೆ ಎಂದು ಸೆರೆಯಿಂದ ಬರೆಯುವ ಮುದುಕ. ಅಂತ್ಯಸಂಸ್ಕಾರಗಳಲ್ಲಿ ಆ ಭಾಗವನ್ನೇ ಓದುತ್ತಾರೆ. ಅದರ ಕೆಳಗೆ ಕೆಲವೇ ಸಾಲುಗಳ ನಂತರ ಇರುವುದನ್ನು ಯಾರೂ ಓದುವುದಿಲ್ಲ. ಎಲ್ಲರೂ ಬಿಟ್ಟುಹೋದರು, ನೀನು ಬರುವಾಗ ನನ್ನ ಮೇಲಂಗಿ ತಾ, ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮೊದಲೇ ಬಾ ಅನ್ನುತ್ತಾನೆ. ನನಗೆ ಹಿಡಿಸಿದ್ದು ಆ ಮೇಲಂಗಿ.

ಓದಿ ಮುಗಿಸಿದಾಗ ಅಪ್ಪ ಕೇಳಿದರು: "ನೀ ಇದನ್ನ ನನ್ನ ಸಲುವಾಗಿ ಓದ್ತೀಯೋ, ನಿನ್ನ ಸಲುವಾಗಿ ಓದ್ತೀಯೋ?"

ಸುಳ್ಳು ಹೇಳಬಹುದಿತ್ತು. "ನಿಮ್ಮ ಸಲುವಾಗಿ ಅಪ್ಪ" ಎಂದೆ. ಅವರು ಹೂಂ ಎಂದು ಎದ್ದು ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು. ನಾಲ್ಕೈದು ದಿನ ಮನೆಯಲ್ಲಿ ಒಂದು ನಮೂನೆಯ ಮೌನ. ನಂತರದ ಭಾನುವಾರ ಅವರೇ, "ಕೇಡಗಾಂವ್ ಇಲ್ಲಿಂದ ಎಷ್ಟು ದೂರ?" ಅಂದರು.

ಪುಣೆಯ ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ ನಾನರಿಯೆ. ಪಂಡಿತಾ ರಮಾಬಾಯಿಯನ್ನು ನಾವು ಮಹಾರಾಷ್ಟ್ರದವರೆಂದೇ ತಿಳಿದಿರುತ್ತೇವೆ. ಆಕೆ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದಲ್ಲಿ, ತುಂಗಾ ಭದ್ರಾ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಮನೆಮಾತು ಮರಾಠಿ, ಕನ್ನಡವೂ ಬರುತ್ತಿತ್ತು. ಹೆಂಡತಿಗೆ ಸಂಸ್ಕೃತ ಕಲಿಸಿದರು ಎಂದು ಊರವರ ವಿರೋಧ ಕಟ್ಟಿಕೊಂಡವರು ಅನಂತಶಾಸ್ತ್ರಿಗಳು. ಆಮೇಲೆ ಕುಟುಂಬ ಪುರಾಣ ಹೇಳುತ್ತ ತೀರ್ಥಯಾತ್ರೆಯಲ್ಲೇ ಬದುಕಿತು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಸತ್ತರು. ಉಳಿದದ್ದು ರಮಾ ಮತ್ತು ಅಣ್ಣ. ಕಲ್ಕತ್ತೆಯ ವಿದ್ವಾಂಸರು 1878ರಲ್ಲಿ ಅವಳಿಗೆ ಪಂಡಿತಾ, ಸರಸ್ವತಿ ಎಂದು ಬಿರುದು ಕೊಟ್ಟರು. ಅಣ್ಣನೂ ಹೋದ. ಬಂಗಾಳದ ವಕೀಲರೊಬ್ಬರನ್ನು ಮದುವೆಯಾದಳು. ಎರಡು ವರ್ಷ ತುಂಬುವುದರೊಳಗೆ 1882ರಲ್ಲಿ ಗಂಡ ಕಾಲರಾದಿಂದ ಸತ್ತ. ಕೈಯಲ್ಲಿ ಮಗು, ಮನೋರಮಾ.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ. ಆದರೆ ಆಕೆ ವಿಧೇಯ ಶಿಷ್ಯೆ ಆಗಲಿಲ್ಲ. ತ್ರಯೇಕತ್ವದ ಬಗ್ಗೆ, ಬಿಷಪ್ಪರ ಅಧಿಕಾರದ ಬಗ್ಗೆ ಸಿಸ್ಟರ್ ಜೆರಾಲ್ಡಿನ್ ಜೊತೆ ಪತ್ರಗಳಲ್ಲಿ ವಾದ ಮಾಡಿದಳು. ಒಂದು ಪುರೋಹಿತವರ್ಗದ ನೊಗ ಕಳಚಿದ್ದು ಇನ್ನೊಂದಕ್ಕೆ ಹೆಗಲು ಕೊಡಲಿಕ್ಕಲ್ಲ ಎಂಬ ಧಾಟಿ ಅವಳದು. ಇನ್ನೂ ಒಂದು ಮಾತನ್ನು ಮುಂದೆ ಆಕೆಯೇ ಬರೆದುಕೊಂಡಿದ್ದಾಳೆ: ದೀಕ್ಷಾಸ್ನಾನ ಪಡೆದಾಗ ಸಿಕ್ಕದ್ದು ಕ್ರೈಸ್ತ ಧರ್ಮ, ಕ್ರಿಸ್ತ ಸಿಕ್ಕದ್ದು ವರ್ಷಗಳ ನಂತರ. ಮಿಷನ್ ಮನೆತನದಲ್ಲಿ ಹುಟ್ಟಿ ಧರ್ಮವಷ್ಟೇ ಪಾಲಿಗೆ ಬಂದಿರುವ ನನ್ನಂಥವನಿಗೆ ಆ ಒಂದು ಮಾತು ಹತ್ತು ಪ್ರಸಂಗಕ್ಕಿಂತ ಹತ್ತಿರ.

ಮುಂಢವಾ ಸೇತುವೆ ದಾಟಿ, ಹಡಪಸರದ ಟ್ರಾಫಿಕ್ಕಿನಲ್ಲಿ ನಿಂತು ನಿಂತು, ಸೋಲಾಪುರ ರಸ್ತೆ ಹಿಡಿದೆವು. ಉರುಳಿ ಕಾಂಚನ್, ಯವತ್. ಕೇಡಗಾಂವ್ ಸ್ಟೇಷನ್ನಿನ ಹತ್ತಿರ ಹಳಿ ಕಂಡಾಗ, ಗದಗಿನ ರೈಲು ಇದರ ಮೇಲೇ ಹೋಗುತ್ತದೆ ಎಂದೆ. ಅಪ್ಪ ಆ ಕಡೆ ಮುಖ ತಿರುಗಿಸಿದರು. ಎಷ್ಟು ಕಂಡಿತೋ.

ಪುಣೆ ಆಕೆಯನ್ನು ಸುಲಭಕ್ಕೆ ಬಾಳಿಸಲಿಲ್ಲ. ಶಾರದಾ ಸದನದ ಹುಡುಗಿಯರು ಆಕೆಯ ಪ್ರಾರ್ಥನೆಗೆ ಬಂದು ಕೂರುತ್ತಾರೆಂದು 1893ರಲ್ಲಿ ಗದ್ದಲವಾಯಿತು. ರಾನಡೆ, ಭಂಡಾರ್ಕರ್ ಅಂಥವರೇ ಸಲಹಾ ಮಂಡಳಿ ಬಿಟ್ಟರು, ಮನೆಯವರು ಹುಡುಗಿಯರನ್ನು ಕರೆದೊಯ್ದರು. ಕೇಡಗಾಂವ್‌ನಲ್ಲಿ ಕೊಂಡ ಬಯಲು ಜಾಗ ಮುಂದೆ ಮುಕ್ತಿ ಮಿಷನ್ ಆಯಿತು. 1896–97ರ ಬರದಲ್ಲಿ ಮಧ್ಯ ಪ್ರಾಂತ್ಯಕ್ಕೆ ಹೋಗಿ ಹಸಿದ ಹುಡುಗಿಯರನ್ನು ಕರೆತಂದಳು. ಹಸಿವು ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಆಕೆ ಹಿಡಿದ ಕೆಲಸ ಮರಾಠಿ ಬೈಬಲ್. ಇದ್ದ ಅನುವಾದ ಓದಲು ಬಾರದ ಹಳ್ಳಿಯ ಹೆಂಗಸಿನ ಕಿವಿಗೆ ಎಟುಕುವುದಿಲ್ಲ ಎಂದು ಹೀಬ್ರೂ, ಗ್ರೀಕ್ ಕಲಿತು ಮೂಲದಿಂದಲೇ ಶುರುಮಾಡಿದಳು. ಸಂಸ್ಕೃತಕ್ಕೆ ಬಿರುದು ಪಡೆದವಳು ಸಂಸ್ಕೃತದ ಪದಗಳನ್ನು ಬೇಕೆಂದೇ ದೂರವಿಟ್ಟಳು. ಅಚ್ಚು ಜೋಡಿಸಿ ಮುದ್ರಿಸುತ್ತಿದ್ದವರು ಮುಕ್ತಿಯ ಹೆಣ್ಣುಮಕ್ಕಳೇ. ಅಷ್ಟರಲ್ಲಿ ಕಿವಿ ಮಂದವಾಗಿತ್ತು. ಎಲ್ಲವನ್ನೂ ಮುಂದೆ ನೋಡಿಕೊಳ್ಳಬೇಕಾದವಳು ಮನೋರಮಾ. ನಮ್ಮ ಗುಲ್ಬರ್ಗದಲ್ಲಿ ಶಾಲೆ ಕಟ್ಟಿದವಳೂ ಅವಳೇ, ಆಗ ಅದು ನಿಜಾಮರ ಸೀಮೆ. 1921ರ ಜುಲೈನಲ್ಲಿ ಮನೋರಮಾ ತೀರಿಕೊಂಡಳು. ನಲವತ್ತೇ ವರ್ಷ.

ತಾಯಿ ಮತ್ತೆ ಪ್ರೂಫಿಗೆ ಕೂತಳು.

ಪ್ರೂಫು ಮುಗಿಸಲು ಇನ್ನು ಹತ್ತು ದಿನ ಕೊಡು ಎಂದು ದೇವರನ್ನು ಬೇಡಿದಳು, ಸರಿಯಾಗಿ ಅಷ್ಟೇ ಸಿಕ್ಕಿತು ಎಂದು ಆಕೆಯ ಬಗ್ಗೆ ಬರೆದವರು ಹೇಳುತ್ತಾರೆ. ಇಷ್ಟು ಅಚ್ಚುಕಟ್ಟಾದ ಕಥೆ ಬಂದರೆ ನನಗೆ ಸ್ವಲ್ಪ ಅನುಮಾನ. ಅಷ್ಟು ಬೇಕಾಗಿಯೂ ಇಲ್ಲ. 1922ರ ಏಪ್ರಿಲ್ 5ರಂದು ಆಕೆ ತೀರಿಕೊಂಡಳು, ಪುಸ್ತಕ ಹೊರಬಂದದ್ದು 1924ರಲ್ಲಿ. ಮಗಳಿಲ್ಲದ ಆ ಎಂಟು ತಿಂಗಳು ಮೇಜಿನ ಮುಂದೆ ಕೂತು ಕಾನಾ, ಮಾತ್ರೆ ತಿದ್ದಿದ್ದೇ ನನಗೆ ಸಾಕು. ಕೊನೆಯವರೆಗೆ ನಂಬಿಗಸ್ತನಾಗಿರುವುದು ಅಂದರೆ ಹುತಾತ್ಮರ ವಿಷಯ ಎಂದು ಸಂಡೇ ಸ್ಕೂಲಿನಲ್ಲಿ ತಿಳಿದುಕೊಂಡಿದ್ದೆ. ಪ್ರೂಫ್ ತಿದ್ದುವ ಕೆಲಸ ಅದರಲ್ಲಿ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಚರ್ಚಿನಲ್ಲಿ ಅಪ್ಪ ಅರ್ಧ ಗಂಟೆ ಕೂತರು. ನಾನು ಪಕ್ಕದಲ್ಲಿ ಕೂತು ಮೆತ್ತಗೆ ಇದನ್ನೆಲ್ಲ ಹೇಳಿದೆ. ಮನೋರಮಾ ವಿಷಯಕ್ಕೆ ಬಂದಾಗ ತಡೆದರು.

"ಮಗಳು ಹೋದ ಮ್ಯಾಲೂ ತಿದ್ದಿದ್ಲೇನು?"

"ಹೌದು ಅಪ್ಪ."

ವಾಪಸ್ ಬರುವಾಗ ಯವತ್ ದಾಟುವವರೆಗೂ ಮಾತಿಲ್ಲ. ಆಮೇಲೆ ತಾವೇ ಅಂದರು: "ತನ್ನ ಹಿಂದ ಯಾರು ನಡಸ್ತಾರ ಅನ್ನೂದು ಆಕೀ ಕೈಯಾಗ ಇರಲಿಲ್ಲ ನೋಡು. ಪ್ರೂಫ್ ಇತ್ತು. ತಿದ್ದಿದ್ಲು." ಸ್ವಲ್ಪ ಹೊತ್ತು ಬಿಟ್ಟು, "ನೀ ನನ್ನ ಸಲುವಾಗೇ ಓದು. ನಡೀತದ."

ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಈಗ ಯೆಹೆಜ್ಕೇಲನ ಕೊನೆಯ ಭಾಗಕ್ಕೆ ಬಂದಿದ್ದೇವೆ. ದೇವಾಲಯದ ಅಳತೆ: ಇಷ್ಟು ಮೊಳ ಉದ್ದ, ಇಷ್ಟು ಮೊಳ ಅಗಲ, ಬಾಗಿಲು, ಕಂಬ, ಮತ್ತೆ ಬಾಗಿಲು. ಇದೊಂದಿಷ್ಟು ಬಿಟ್ಟು ಮುಂದೆ ಹೋಗೋಣವೇ ಎಂದೆ.

"ಬ್ಯಾಡ. ಓದು."

ಈ ಮೊಳಗಳನ್ನೂ ಒಂದೊಂದಾಗಿ ರಮಾಬಾಯಿ ಮರಾಠಿಗೆ ತಂದಿರಲೇಬೇಕಲ್ಲ. ಇನ್ನೂ ಐದು ಅಧ್ಯಾಯ ಉಳಿದಿವೆ.