ಬಿಸಾಡುವ ಮುಂಚೆ ಮಗುಚಿ ನೋಡಿ

ನಮ್ಮ ಪುಣೆಯ ಹಾಸ್ಟೆಲಿನಲ್ಲಿ ಯಾರ ಲ್ಯಾಪ್‌ಟಾಪಿನಲ್ಲಾದರೂ ಆಟ ತಡವರಿಸಿತೆಂದರೆ ಸುತ್ತ ನಿಂತವರ ತೀರ್ಪು ಒಂದೇ: "ಬಿಸಾಡು ಮಾರಾಯ, ಹೊಸದು ತಗೋ." ಹೇಳುವವರಿಗೇನು, ದುಡ್ಡು ಕೊಡುವವರು ಬೇರೆ! ನಾನೂ ಆ ಮಾತು ಕೇಳಿ ಅಪ್ಪಯ್ಯನಿಗೆ ಫೋನು ಮಾಡಿದವನೇ. ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂತಿದ್ದ ಅವರು "ಎಷ್ಟಾಗ್ತದೆ?" ಎಂದರು. "ಅರುವತ್ತು ಸಾವಿರ" ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ, ತಟ್ಟೆ ಲೋಟಗಳ ಸದ್ದು ಮಾತ್ರ. "ದೀಪಾವಳಿ ಕಳೀಲಿ, ನೋಡುವ" ಎಂದು ಇಟ್ಟುಬಿಟ್ಟರು.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಲ್ಯಾಪ್‌ಟಾಪನ್ನು ಮಗುಚಿ ನೋಡಿದೆ. ಗಾಳಿಯಾಡುವ ಕಂಡಿಗಳಲ್ಲಿ ಎರಡು ವರ್ಷದ ಧೂಳು, ನನ್ನ ಹೊದಿಕೆಯದೇ ನೂಲು!

ಆಟವೆಂದರೆ ಚಿತ್ರಗಳ ಓಟ ತಾನೆ? ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದೊಂದನ್ನೂ ಸುಮಾರು 16.7 ಮಿಲಿಸೆಕೆಂಡಿನಲ್ಲಿ ಬರೆದು ಮುಗಿಸಬೇಕು. ಒಳಗೆ ಕಾವು ಮಿತಿಮೀರಿದರೆ ಪ್ರೊಸೆಸರು ಸುಟ್ಟುಹೋಗದಿರಲೆಂದು ತಾನೇ ವೇಗ ತಗ್ಗಿಸುತ್ತದೆ. 2015ರಲ್ಲಿ ಕಂಪ್ಯೂಟರಿಗೆ ಬಂದ ಜಿ.ಟಿ.ಎ. 5 ಕೂಡ ನನ್ನದರಲ್ಲಿ ಮೊದಲ ಹತ್ತು ನಿಮಿಷ ಓಡಿ ಆಮೇಲೆ ಕುಂಟುತ್ತಿದ್ದುದು ಇದಕ್ಕೇ. ಹಾಸಿಗೆಯ ಮೇಲಿಟ್ಟು ಆಡುವ ನಮ್ಮ ಚಾಳಿಯಂತೂ, ಮೂಗು ಹಿಡಿದು ಓಡು ಅಂದ ಹಾಗೆ.

ಆಫ್ ಮಾಡಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕಂಡಿಗಳನ್ನು ಉಜ್ಜಿದೆ. ಮೇಜಿನ ಮೇಲಿಟ್ಟು ಹಿಂದಿನ ಎರಡು ಮೂಲೆಗಳಿಗೆ ಪುಸ್ತಕ ಕೊಟ್ಟೆ (ಒಂದು ಸಂಘದ ಲೈಬ್ರರಿಯದು, ಕಾರ್ಯದರ್ಶಿಗಳು ಕ್ಷಮಿಸಬೇಕು). ಚಾರ್ಜರು ಚುಚ್ಚಿಯೇ ಆಡಿದೆ. ಬರೀ ಬ್ಯಾಟರಿಯಲ್ಲಿ ಅದು ಪೂರ್ತಿ ಶಕ್ತಿ ಬಿಡುವುದಿಲ್ಲ. ನೆರಳುಗಳನ್ನು ಕನಿಷ್ಠಕ್ಕಿಳಿಸಿದೆ. ಪರದೆಯನ್ನು 1080ರಿಂದ 720ಕ್ಕೆ ತಂದೆ: 20 ಲಕ್ಷ ಚುಕ್ಕಿ ಬರೆಯುವಲ್ಲಿ 9 ಲಕ್ಷ ಚಿಲ್ಲರೆ ಸಾಕಾಯಿತು. 25ಕ್ಕೆ ಕುಸಿಯುತ್ತಿದ್ದುದು 50ರ ಆಸುಪಾಸಿನಲ್ಲಿ ನಿಂತಿತು.

ನನ್ನದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲ, ಚಿತ್ರದ ಕೆಲಸಕ್ಕೂ ಇದ್ದ ರ‍್ಯಾಮನ್ನೇ ಎರವಲು ಪಡೆಯುತ್ತದೆ. ಒಂದರ ಜೊತೆ ಇನ್ನೊಂದು ರ‍್ಯಾಮ್ ಹಾಕಿಸಿದರೆ ಇನ್ನೂ ಸುಧಾರಿಸೀತು. ಅದು ಆಮೇಲಿನ ಮಾತು. ಈಗಿನ ಭಾರೀ ಆಟಗಳು ಇದರಲ್ಲಿ ಓಡಲಿಕ್ಕಿಲ್ಲ, ಒಪ್ಪಿದೆ. ಆದರೆ ಅದಕ್ಕಾಗಿ ಅಪ್ಪಂದಿರನ್ನು ಸಾಲಕ್ಕೆ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ. ಬಿಟ್ಟಿ ಸಿಗುವ "ವೇಗವರ್ಧಕ" ಸಾಫ್ಟ್‌ವೇರುಗಳನ್ನಂತೂ ನಂಬಲೇಬೇಡಿ; ಧೂಳು ತೆಗೆಯುವ ಸಾಫ್ಟ್‌ವೇರು ಎಲ್ಲಿದೆ?

ಮರುದಿನ ಅಪ್ಪಯ್ಯನಿಗೆ ಫೋನು ಮಾಡಿ ಹೊಸದು ಬೇಡವೆಂದೆ. "ರಿಪೇರಿಗೆ ಎಷ್ಟಾಯ್ತು?" ಎಂದರು. "ಒಂದು ಬ್ರಷ್ಷು" ಎಂದೆ. ನಂಬಿದಂತೆ ಕಾಣಲಿಲ್ಲ.