ಒಡೆದವರು ಯಾರು, ಬಾಡಿಗೆ ಕಟ್ಟಿದವರು ಯಾರು?

ಕಸ್ಟಮ್ಸ್‌ನವರೇ, ಪೆಟ್ಟಿಗೆ ತೆರೆಯಿರಿ. ಬೇಡ ಅಂದವರು ಯಾರು? ಒಳಗೆ ಬಂಗಾರದ ಗಟ್ಟಿ ಇದೆಯೋ, ಬಂದೂಕು ಇದೆಯೋ ನೋಡುವುದು ನಿಮ್ಮ ಕೆಲಸ. ಸಂಬಳ ಕೊಡುವುದೇ ಅದಕ್ಕೆ. ಆದರೆ ತೆರೆದದ್ದನ್ನು ಮುಚ್ಚುವುದು ಯಾರ ಕೆಲಸ? ಪಿಂಗಾಣಿಯ ಮೇಲೆ ಮಿಕ್ಸರ್ ಒಗೆದು, ಪುಸ್ತಕಗಳನ್ನು ಮಳೆಗೆ ಬಿಟ್ಟು, ವೀಣೆಯ ಕುತ್ತಿಗೆ ಮುರಿದು, ಮೇಲೊಂದು ಟೇಪು ಸುತ್ತಿದರೆ ಕರ್ತವ್ಯ ಮುಗಿಯಿತೇ?

ಪುಣೆ ಹತ್ತಿರದ ನಿಗಡಿ ಪ್ರಾಧಿಕರಣದ ನಮ್ಮ ಓಣಿಗೆ ಇಂಥ ಪೆಟ್ಟಿಗೆಗಳ ಲಾರಿಯೊಂದು ಬಂತು. ಕಲಬುರಗಿ ಕಡೆಯ ಸಂಸಾರ. ವರ್ಷಗಟ್ಟಲೆ ಹೊರದೇಶದಲ್ಲಿ ದುಡಿದು, ಸಾಕು ಅಂತ ಮರಳಿದವರು. ಇಳಿಸುವಾಗಲೇ ಡಬ್ಬದೊಳಗೆ ಚೂರು ಸದ್ದು ಮಾಡಿತು. ಪುಸ್ತಕಗಳು ನೆನೆದು ಹಪ್ಪಳದ ಹಾಗೆ ಉಬ್ಬಿದ್ದವು. ಆ ಮನೆಯ ಅಜ್ಜಿ ಕೇಳಿದ್ದು ಒಂದೇ ಮಾತು: ‘ಯಾರು ಮಾಡಿದ್ರು?’

ಉತ್ತರ ಕೊಡುವವರು ಒಬ್ಬರೂ ಇಲ್ಲ. ಗೋಡೌನಿನವರು ಕಸ್ಟಮ್ಸ್ ಕಡೆ ಕೈ ತೋರಿಸುತ್ತಾರೆ. ಕಸ್ಟಮ್ಸ್‌ನವರು ಗೋಡೌನಿನ ಕಡೆ. ಹಡಗಿನ ಕಂಪನಿಗೆ ‘ನಮ್ಮ ಕೈಬಿಟ್ಟಾಗ ಚೆನ್ನಾಗೇ ಇತ್ತು’. ವಿಮೆಯವರಿಗೆ ಯಾವುದೋ ಷರತ್ತು. ಕ್ಲಿಯರಿಂಗ್ ಏಜೆಂಟ್ ಮಾತ್ರ ಸಮಾಧಾನ ಹೇಳುತ್ತಾನೆ: ಸಾಮಾನು ಬಂತಲ್ಲ ಸಾರ್, ಪುಣ್ಯ ಅನ್ಕೊಳ್ಳಿ. ಅದು ಯಾವ ಬಂದರು ಅಂತ ನಾನು ಹೇಳುವುದಿಲ್ಲ. ಹೇಳಿದರೆ ಉಳಿದ ಬಂದರಿನವರು ತಾವು ಸಾಚಾ ಅಂತ ಬೀಗುತ್ತಾರೆ.

ಇದೇನು ಯಾರೋ ಒಬ್ಬ ಕೂಲಿಯ ಕೈಜಾರಿದ ಕಥೆಯೇ? ಕಾನೂನನ್ನೇ ಓದಿ ನೋಡಿ.

1962ರ ಕಸ್ಟಮ್ಸ್ ಕಾಯ್ದೆ. ಕಲಂ 77: ನಿನ್ನ ಸಾಮಾನು ಏನೆಂದು ನೀನು ಘೋಷಿಸು. ತಪ್ಪಿದರೆ ದಂಡ, ಜಪ್ತಿ. ಕಲಂ 48: ಇಳಿಸಿದ ಮೂವತ್ತು ದಿನದಲ್ಲಿ ಬಿಡಿಸಿಕೊಳ್ಳದಿದ್ದರೆ ನೋಟಿಸ್ ಕೊಟ್ಟು, ಅಧಿಕಾರಿಯ ಅನುಮತಿ ಪಡೆದು ಮಾರಿಬಿಡಬಹುದು. ನಿನಗೆ ಗಡುವು ಇದೆ. ಅವರಿಗೆ?

ಅವರಿಗೆ ಕಲಂ 155 ಇದೆ. ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ಸರಕಾರದ ಮೇಲಾಗಲಿ ಅಧಿಕಾರಿಯ ಮೇಲಾಗಲಿ ದಾವೆ ಹೂಡುವಂತಿಲ್ಲ. ಬೇರೆ ಕ್ರಮಕ್ಕೆ ಹೊರಟರೂ ಒಂದು ತಿಂಗಳು ಮುಂಚೆ ನೋಟಿಸ್ ಕೊಡಬೇಕು. ಮೂರು ತಿಂಗಳು ದಾಟಿತೋ, ಬಾಗಿಲು ಬಂದ್. ವೀಣೆ ಮುರಿದದ್ದು ಸದ್ಭಾವನೆಯಿಂದಲೇ? ಅಲ್ಲ ಅಂತ ಸಾಬೀತು ಮಾಡಬೇಕಾದವರು ಯಾರು? ಪರೀಕ್ಷೆಯ ಹೊತ್ತಿಗೆ ಗೋಡೌನಿನ ಮೂಲೆಯಲ್ಲಿ ಪಾಸ್‌ಪೋರ್ಟ್ ಹಿಡಿದು ನಿಂತಿದ್ದ ನೀವೇ.

ಇನ್ನು ಡೆಮರೇಜ್, ಅಂದರೆ ಮಾಲು ಬಿಡಿಸಿಕೊಳ್ಳಲು ತಡವಾದರೆ ಕಟ್ಟುವ ಬಾಡಿಗೆ. ಇಲ್ಲಿ ನನ್ನ ರಕ್ತ ಕುದಿಯುತ್ತದೆ. ಅಧಿಕಾರಿ ರಜೆ. ಕಡತ ಕಾಣೆ. ಇವತ್ತು ಸರ್ವರ್ ಡೌನ್, ನಾಳೆ ಹಬ್ಬ. ದಿನ ಉರುಳುತ್ತದೆ, ಮೀಟರು ಓಡುತ್ತದೆ. ಗೋಡೌನಿನ ಬಾಡಿಗೆ ಬೇರೆ, ಹಡಗಿನ ಕಂಪನಿಯ ಕಂಟೇನರ್ ಬಾಡಿಗೆ ಬೇರೆ. ತಡ ಮಾಡಿದವನು ಕೊಡುತ್ತಾನೆಯೇ? 1995ರಲ್ಲಿ ಗ್ರ್ಯಾಂಡ್ ಸ್ಲ್ಯಾಮ್ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿದೆ: ಕಸ್ಟಮ್ಸ್ ಸಕಾರಣವಿಲ್ಲದೆ ತಡೆಹಿಡಿದಿದ್ದರೂ ಡೆಮರೇಜ್ ಕಟ್ಟಬೇಕಾದದ್ದು ಮಾಲಿನ ಧಣಿಯೇ. ಮುಂದೆ 2009ರಲ್ಲಿ ಒಂದು ನಿಯಮಾವಳಿ ಬಂತು. ಕಸ್ಟಮ್ಸ್ ತಡೆಹಿಡಿದ ಮಾಲಿಗೆ ಬಾಡಿಗೆ ಕೇಳಬೇಡಿ ಎಂದಿತು. ಆದರೆ ‘ಬೇರೆ ಕಾನೂನುಗಳಿಗೆ ಒಳಪಟ್ಟು’ ಎಂಬ ಬಾಲ ಅಂಟಿಸಿಯೇ ಎಂದಿತು. ಆ ಬಾಲ ಹಿಡಿದುಕೊಂಡು ವಸೂಲಿ ನಡೆದೇ ಇದೆ. ತಪ್ಪು ಅವರದು, ಬಿಲ್ಲು ನಮ್ಮದು. ಇದನ್ನು ನ್ಯಾಯ ಅಂತ ಯಾವ ಬಾಯಲ್ಲಿ ಹೇಳುವುದು?

ನಮ್ಮ ನಿಗಡಿಯ ಭಕ್ತಿ-ಶಕ್ತಿ ಚೌಕದಲ್ಲಿ ಒಂದು ತಾಸು ನಿಂತು ನೋಡಿ. ಹಳೇ ಮುಂಬೈ ರಸ್ತೆಯಲ್ಲಿ ಕಂಟೇನರ್ ಲಾರಿಗಳು. ದೊಡ್ಡ ಆಮದುದಾರರಿಗೆ ಬಂದರಿನಿಂದ ನೇರ ಕಾರ್ಖಾನೆಗೆ ಮಾಲು ಒಯ್ಯುವ ಸವಲತ್ತು ಉಂಟು. ಅವರು ‘ನಂಬಿಕಸ್ಥ’ರು, ಅವರ ಪೆಟ್ಟಿಗೆ ತೆರೆಯುವುದೇ ಅಪರೂಪ. ಹಳೇ ಕುಕ್ಕರು, ಮಕ್ಕಳ ಸೈಕಲ್ಲು, ಅಪ್ಪನ ಪುಸ್ತಕ ತಂದವನು ಮಾತ್ರ ಕಳ್ಳ!

2026ರ ಫೆಬ್ರವರಿಯವರೆಗೆ ಜಾರಿಯಲ್ಲಿದ್ದ 2016ರ ಬ್ಯಾಗೇಜ್ ನಿಯಮ ನೋಡಿ. ಎರಡು ವರ್ಷ ಹೊರಗಿದ್ದು ವಾಸ ಬದಲಿಸಿ ಬಂದರೆ ಐದು ಲಕ್ಷದವರೆಗೆ ಸುಂಕವಿರಲಿಲ್ಲ. ಕೇಳಲು ಚೆಂದ. ಆ ಎರಡು ವರ್ಷದಲ್ಲಿ ಭಾರತದಲ್ಲಿ ಕಳೆದ ದಿನ ಆರು ತಿಂಗಳು ಮೀರುವಂತಿರಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದರೆ? ಅವರ ಹಾಸಿಗೆ ಪಕ್ಕ ಕೂತ ದಿನಗಳೂ ಲೆಕ್ಕಕ್ಕೆ. ಮನ್ನಿಸುವ ಅಧಿಕಾರ ಕಮಿಷನರ್ ಕೈಯಲ್ಲಿತ್ತು, ಹೋಗಿ ಕೈಮುಗಿಯಬೇಕಿತ್ತು. ಹತ್ತು ವರ್ಷ ತಿಕ್ಕಿ ತೊಳೆದ ಪಾತ್ರೆಯ ಬೆಲೆ ಕಟ್ಟುವವನೂ ಅಧಿಕಾರಿಯೇ. ಮಿತಿ ಮೀರಿತು ಅಂದನೋ, ಸಾಮಾನ್ಯ ಬ್ಯಾಗೇಜ್ ದರ, ಸರ್ಚಾರ್ಜು ಸೇರಿ ಆಗ ಶೇಕಡಾ 38.5 ಇತ್ತು. ಒಡೆದದ್ದಕ್ಕೆ ರಿಯಾಯಿತಿ ಕೇಳಿ ನೋಡಿ, ನಗುತ್ತಾರೆ.

ಭಟ್ಕಳ, ಕುಂದಾಪುರ, ಮಂಗಳೂರಿನ ಕೊಲ್ಲಿ ಮಂದಿಗೆ ಇದು ಹೊಸದಲ್ಲ. 2019ರ ಡಿಸೆಂಬರಿನಲ್ಲಿ ಅಂಚೆ-ಕೊರಿಯರಿನ ಸುಂಕರಹಿತ ಉಡುಗೊರೆಯನ್ನೇ ನಿಲ್ಲಿಸಿದರು. ವಿನಾಯಿತಿ ಜೀವರಕ್ಷಕ ಔಷಧಿಗೆ ಮತ್ತು ರಾಖಿಗೆ. ರಾಖಿಗೆ ಮಾತ್ರ, ಅದರ ಜೊತೆ ಬರುವ ಉಡುಗೊರೆಗಲ್ಲ! ದುಬೈಯಲ್ಲಿ ಬೆವರು ಸುರಿಸಿ ತಾಯಿಗೆ ಕಂಬಳಿ ಕಳಿಸುವವನಿಗೆ ದೇಶ ಹೇಳಿದ ಮಾತು ಅದು. ವಿದೇಶದಿಂದ ಹಣ ಬಂದಾಗ ಭಾಷಣದಲ್ಲಿ ಚಪ್ಪಾಳೆ. ಕಂಬಳಿ ಬಂದಾಗ ಕತ್ತರಿ.

ಬರೀ ಅವರನ್ನು ಬೈದರೆ ಸಾಲದು. ಚಹಾಪಾಣಿ ಕೊಟ್ಟವರು ಯಾರು? ನಾವು. ‘ಏಜೆಂಟ್ ನೋಡ್ಕೋತಾನೆ’ ಅಂತ ಕಣ್ಣು ಮುಚ್ಚಿಕೊಂಡವರು? ನಾವೇ. ಬಿಲ್ಲಿನಲ್ಲಿ ‘ಇತರೆ ಖರ್ಚು’ ಅಂತ ಒಂದು ಸಾಲು ಇರುತ್ತದಲ್ಲ, ಅದೇನು ಅಂತ ಎಂದಾದರೂ ಕೇಳಿದ್ದೀರಾ? 2025ರ ಅಕ್ಟೋಬರಿನಲ್ಲಿ ಚೆನ್ನೈಯ ಒಂದು ಸಣ್ಣ ಆಮದು ಕಂಪನಿ ಲಂಚದ ಕಾಟಕ್ಕೆ ವ್ಯವಹಾರವನ್ನೇ ನಿಲ್ಲಿಸುತ್ತೇವೆ ಎಂದು ಬಹಿರಂಗವಾಗಿ ಕೂಗಿತು. ಕಸ್ಟಮ್ಸ್ ಅಲ್ಲಗಳೆಯಿತು. ದೇಶದಲ್ಲಿ ಗದ್ದಲ ಎದ್ದಮೇಲೆ ಹಣಕಾಸು ಸಚಿವಾಲಯ ತನಿಖೆಗೆ ಆದೇಶ ಕೊಟ್ಟಿತು. ಗದ್ದಲ ಏಳದಿದ್ದರೆ ಕೊಡುತ್ತಿತ್ತೇ?

ಮರಳಿ ಬರುವವರೇ, ಕೇಳಿ. ಪೆಟ್ಟಿಗೆ ತೆರೆಯುವಾಗ ಅಲ್ಲಿಂದ ಕದಲಬೇಡಿ. ಫೋಟೋ ತೆಗೆಯಬಾರದು ಅಂದರೆ, ಅದನ್ನೇ ಬರೆದು ಕೊಡಿ ಅನ್ನಿ. ಮುರಿದದ್ದನ್ನು ಅಲ್ಲೇ ಪಟ್ಟಿ ಮಾಡಿ, ಮೊಹರು ಹಾಕಿಸಿಕೊಳ್ಳಿ. ‘ಸುಸ್ಥಿತಿಯಲ್ಲಿ ತಲುಪಿದೆ’ ಎಂಬ ಕಾಗದಕ್ಕೆ, ಎಷ್ಟೇ ಕತ್ತಲಾಗಿದ್ದರೂ, ಲಾರಿ ಡ್ರೈವರ್ ಎಷ್ಟೇ ಗೊಣಗಿದರೂ, ಸಹಿ ಹಾಕಬೇಡಿ. ಮನೆಗೆ ಬಂದಮೇಲೆ ನಿಮ್ಮ ಸಂಸದರಿಗೆ ಎರಡೇ ಬೇಡಿಕೆ ಬರೆಯಿರಿ: ತಡ ಮಾಡಿದ ಇಲಾಖೆಯೇ ಡೆಮರೇಜ್ ಕಟ್ಟಲಿ, ಒಡೆದದ್ದಕ್ಕೆ ಕಲಂ 155ರ ರಕ್ಷಣೆ ಸಲ್ಲದು ಎಂದು ಕಾಯ್ದೆ ತಿದ್ದಲಿ. ಉತ್ತರ ಬರುವುದಿಲ್ಲ. ಮತ್ತೆ ಬರೆಯಿರಿ.