ರಸ್ತೆಯಲ್ಲಿ ಕೂತಿದ್ದು ತಪ್ಪೇನು?

ನಿನ್ನೆ ಕುಳೆ ಕಬ್ಬಿಗೆ ನೀರು ತಿರುವಿ ಬದುವಿನ ಮ್ಯಾಲೆ ಕೂತಿದ್ದೆ, ಬೆಂಗಳೂರಿನಿಂದ ಅಣ್ಣನ ಮಗನ ಫೋನ್ ಬಂತು. ಮಾತು 2025ರ ನವೆಂಬರಿನ ಗುರ್ಲಾಪುರ ಕ್ರಾಸಿನ ಧರಣಿಗೆ ಹೋಯಿತು. "ಕಾಕಾ, ರಸ್ತೆ ಬಂದ್ ಮಾಡಿ ಮಂದಿಗೆ ತ್ರಾಸ್ ಕೊಟ್ರಿ. 3500 ಕೇಳಿದ್ರಿ, 3300ಕ್ಕ ಎದ್ದು ಬಂದ್ರಿ. ಅವರೂ ರೊಕ್ಕ ಹಾಕಿ ಕಾರ್ಖಾನಿ ಕಟ್ಯಾರ, ಲಾಭ ಮಾಡಬಾರದೇನು?" ಅಂದ. ಫೋನಿನಾಗ ಸರಿಯಾಗಿ ಉತ್ತರ ಕೊಡಾಕ ಆಗಲಿಲ್ಲ. ಇಲ್ಲಿ ಬರೀತೀನಿ.

ಲಾಭ ಮಾಡಲಿ. ಸಕ್ಕರೆಯ ಕನಿಷ್ಠ ಮಾರಾಟ ದರ 2019ರಲ್ಲಿ ಕೆಜಿಗೆ 31 ರೂಪಾಯಿ ಆಗಿದ್ದು, ನಾವು ರಸ್ತೇಲಿ ಕೂತಾಗಲೂ ಅಷ್ಟೇ ಇತ್ತು. ಎಫ್‌ಆರ್‌ಪಿ ಮಾತ್ರ ಏರುತ್ತ ಬಂತು ಅನ್ನೋ ಅವರ ಅಳಲು ಸುಳ್ಳಲ್ಲ. ಆದರೆ ಪ್ಯಾಟ್ಯಾಗ 31ಕ್ಕ ಸಕ್ಕರೆ ಯಾರು ಕೊಡ್ತಾರ? ಕಾಕಂಬಿ, ಸಿಪ್ಪೆಯ ಕರೆಂಟು, ಎಥೆನಾಲ್ ಬ್ಯಾರೇನೇ. ಸಕ್ಕರೆ, ಉಪಉತ್ಪನ್ನ ಎರಡೂ ಸೇರಿದ ಆದಾಯದಾಗ ನೂರಕ್ಕೆ 70 ರೈತನ ಪಾಲು ಅಂತ 2012ರಲ್ಲೇ ರಂಗರಾಜನ್ ಸಮಿತಿ ಹೇಳಿತ್ತು.

ನನ್ನ ಸಿಟ್ಟು ಅವರ ಶ್ರೀಮಂತಿಕೆ ಮ್ಯಾಲೆ ಅಲ್ಲ. ತಕ್ಕಡಿ ಅವರದು, ರಿಕವರಿ ನೋಡೋ ಲ್ಯಾಬ್ ಅವರದು, ಲೆಕ್ಕದ ಪುಸ್ತಕ ಅವರದು. 2025-26ರ ಎಫ್‌ಆರ್‌ಪಿ 10.25 ರಿಕವರಿಗೆ ಟನ್ನಿಗೆ 3550, ಕಟಾವು ಮತ್ತು ಸಾಗಾಟ ಅದರಾಗೇ ಮುರೀತಾರ. ರಿಕವರಿ ಮ್ಯಾಲೆ 0.1 ಏರಿದಂಗ 34 ರೂಪಾಯಿ 60 ಪೈಸೆ ಕೂಡತೈತಿ. ಅಂದ್ರ ನಾವು ಒಂದು ವಾರಕ್ಕಿಂತ ಹೆಚ್ಚು ಚಳಿಯಾಗ ಮಲಗಿ ಪಡೆದ ನೂರು ರೂಪಾಯಿ, ಲ್ಯಾಬಿನಾಗ 0.3 ಕಡಿಮಿ ಬರೆದರೆ ಹೋತು. ಇಪ್ಪತ್ತು ಟನ್ನಿನ ಗಾಡಿಗೆ ಒಂದು ಟನ್ ಕಾಟಾ ಹೊಡೆದರೂ ಅಷ್ಟೇ. ಹೊರಗ ತೂಗಿಸಿ ಒಯ್ದರೆ ನಮ್ಮ ಕಾರ್ಖಾನೆ ಗೇಟಿನಾಗ ಗಾಡಿ ನಿಲ್ಲಸ್ತಾರ.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದಾಗ ಬಿಲ್ ಕೊಡಬೇಕು, ತಡ ಆದ್ರ ವರ್ಷಕ್ಕ ನೂರಕ್ಕೆ 15ರಂತೆ ಬಡ್ಡಿ. ನನ್ನ ಬಿಲ್ ಎರಡೂವರೆ ತಿಂಗಳಿಗೆ ಬಂತು, ಬಡ್ಡಿ ಒಂದು ಪೈಸೆ ಇಲ್ಲ. ಪಿಕೆಪಿಎಸ್ ಸಾಲದ ಗಡುವು ನಾನು ಮೀರಲಿ, ಆಗ ನೋಡ್ರಿ! ಕಾಗದ ಇದ್ದೂ ಕೇಳವರಿಲ್ಲ ಅಂದಮ್ಯಾಗ ರಸ್ತೆ ಬಿಟ್ಟು ಎಲ್ಲಿ ಕೂಡ್ರೂದು?

ಆದರೆ ಇನ್ನೊಂದೈತಿ. ಬರೀಬೇಕೋ ಬ್ಯಾಡೋ ಅಂತ ರಾತ್ರಿ ಯೋಚನೆ ಮಾಡಿದೆ. ಧರಣಿ ನಡೆದಾಗ ನಮ್ಮ ಹೊಲದ ಬಾಜೂಕ ಬೀಡ ಕಡೆಯ ಗ್ಯಾಂಗ್ ಗುಡಿಸಲು ಹಾಕಿತ್ತು. ಗಂಡ ಹೆಂಡತಿ ಕೂಡಿ ಒಂದು ಕೊಯ್ತಾ. ಕಡಿದಷ್ಟು ಟನ್ನಿಗೆ ಕೂಲಿ, ಕಡೀದಿದ್ದರೆ ಇಲ್ಲ, ಮುಕಾದಮನ ಮುಂಗಡ ಹಂಗೇ ನಿಂತಿರತೈತಿ. ಒಬ್ಬ ಹೆಣ್ಣಮಗಳು ದಿನಾ ಕೇಳ್ತಿದ್ದಳು, "ಅಣ್ಣಾ, ಕಟಾವು ಯಾವಾಗ?" ನಾನು ಒಂದು ಚೀಲ ಜೋಳ ಕೊಟ್ಟು ಬಂದೆ, ದೀಪಾವಳಿಗೆ ಕಾರ್ಖಾನೆಯವರು ಶೇರುದಾರರಿಗೆ ಸಕ್ಕರೆ ಹಂಚಿದಂಗ. ನಮಗ 3300 ಆತು. ಆಕಿ ಕೂಲಿ ಬಗ್ಗೆ ವೇದಿಕೆ ಮ್ಯಾಲೆ ನಾವ್ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಸೋಮವಾರ ಸಂಜೀಕ ಗುಡಿ ಮುಂದ ಕೂಡಿದಾಗ, ಬರೋ ಹಂಗಾಮಿನ ಮನವಿಗೆ ಎರಡು ಸಾಲು ಸೇರಸ್ರಿ ಅಂತ ಕೇಳಾಂವ ಅದೀನಿ. ಹೊರಗಿನ ತೂಕದ ಚೀಟಿ ಒಪ್ಪಬೇಕು. ದರ ಏರಿದಾಗ ಕಡಿಯವರ ಕೂಲೀನೂ ಏರಬೇಕು, ಅದರಾಗ ಸ್ವಲ್ಪ ನಮ್ಮ ಪಾಲಿನಿಂದ. ಎರಡನೇದಕ್ಕ ನಮ್ಮೊಳಗ ಜಗಳ ಆಕ್ಕೈತಿ, ಗೊತ್ತೈತಿ. ಬರ್ರಿ.